ಪಟ್ಟಿ ಯಾರ ಕೈಯಲ್ಲಿ? ಗೋಮಾ ನಿರಾಶ್ರಿತ ಶಿಬಿರಗಳು, 1994–96: ಪ್ರಕರಣ ಅಧ್ಯಯನ

ಮುಂಬೈಯಲ್ಲಿ ಪರಿಹಾರದ ಕೆಲಸಕ್ಕೆ ಇಳಿದ ಕನ್ನಡಿಗರಿಗೆಲ್ಲ ಮುಕಾದಮನ, ಅಂದರೆ ಕೂಲಿಕಾರರ ಮೇಸ್ತ್ರಿಯ, ಪರಿಚಯ ಇದ್ದೇ ಇರುತ್ತದೆ. ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡ ಕೂಲಿಗೆ ಬಂದವರ ವಸ್ತಿಗೆ ಅಕ್ಕಿ, ಬೇಳೆ, ಎಣ್ಣೆಯ ಕಿಟ್ ತೆಗೆದುಕೊಂಡು ಹೋದರೆ ಮೊದಲು ಎದುರು ಬರುವವನು ಅವನೇ. "ಇಲ್ಲೇ ಇಳಿಸಿ ಹೋಗ್ರಿ ಸರ್, ಮಂದಿ ಲೆಕ್ಕ ಎಲ್ಲಾ ನನ್ನ ಕಡೆ ಅದ" ಅನ್ನುತ್ತಾನೆ. 2020ರ ಲಾಕ್‌ಡೌನಿನಲ್ಲಿ ಟೆಂಪೊ ಹಿಡಿದು ಹೊರಟ ಪ್ರತಿ ತಂಡವೂ ಆ ಮಾತಿನ ಎದುರು ಒಂದು ತೀರ್ಮಾನ ಮಾಡಲೇಬೇಕಿತ್ತು. ಅವನ ಪಟ್ಟಿ ನಂಬಿದರೆ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ನಂಬದೆ ಮನೆಮನೆ ಎಣಿಸಿದರೆ ಇಡೀ ದಿನ ಬೇಕು, ಅವನ ಸಿಟ್ಟನ್ನೂ ಕಟ್ಟಿಕೊಳ್ಳಬೇಕು.

ಒಳ್ಳೆಯ ಮುಕಾದಮರೂ ಬೇಕಾದಷ್ಟಿದ್ದಾರೆ. ಇಲ್ಲಿ ನೋಡಬೇಕಾದದ್ದು ಅವರ ಗುಣವನ್ನಲ್ಲ, ಪಟ್ಟಿ ಹಿಡಿದವನಿಗೆ ಬರುವ ಬಲವನ್ನು. ನಮ್ಮಲ್ಲಿ ಆ ಬಲದ ದುರುಪಯೋಗವೆಂದರೆ ಹತ್ತು ಕಿಟ್ ಕಾಣೆಯಾಗುವುದು, ಬೇಡದವನ ಹೆಸರು ಬಿಟ್ಟುಹೋಗುವುದು. ಮಧ್ಯ ಆಫ್ರಿಕಾದ ಗೋಮಾ ಪಟ್ಟಣದ ನಿರಾಶ್ರಿತ ಶಿಬಿರಗಳಲ್ಲಿ 1994ರಿಂದ 96ರವರೆಗೆ ಅದೇ ಬಲ ಸೋತು ಓಡಿದ ಒಂದು ಸೈನ್ಯವನ್ನು ಸಾಕಿತು, ಮತ್ತೊಂದು ದೇಶವನ್ನು ಯುದ್ಧಕ್ಕೆ ಎಳೆಯಿತು. ನಿರಾಶ್ರಿತರ ಪ್ರವಾಹ ಮತ್ತು ಮಾನವೀಯ ನೆರವು ಅಂತರ್ಯುದ್ಧದ ಗತಿಯನ್ನು ಹೇಗೆ ಬದಲಿಸುತ್ತವೆ ಎಂದು ತಿಳಿಯಲು ಗೋಮಾಕ್ಕಿಂತ ಸ್ಪಷ್ಟ ಉದಾಹರಣೆ ಇಲ್ಲ. ಮುಂಬೈಯ ಕನ್ನಡ ಸಂಘಗಳ ಸ್ವಯಂಸೇವಕರನ್ನೂ ದೇವನಾರಿನಲ್ಲಿ ಸಮಾಜಕಾರ್ಯ, ವಿಪತ್ತು ನಿರ್ವಹಣೆ ಓದುವ ನಮ್ಮ ಹುಡುಗ ಹುಡುಗಿಯರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ.

ಐದು ದಿನದಲ್ಲಿ ಒಂದು ಧಾರಾವಿ

1994ರ ಏಪ್ರಿಲ್ 6ರ ರಾತ್ರಿ ರುವಾಂಡಾದ ಅಧ್ಯಕ್ಷ ಹಬ್ಯಾರಿಮಾನ ಇದ್ದ ವಿಮಾನವನ್ನು ಹೊಡೆದುರುಳಿಸಲಾಯಿತು. ಮರುದಿನದಿಂದ ನೂರು ದಿನಗಳಲ್ಲಿ ಸುಮಾರು 8 ಲಕ್ಷ ಜನರ ಕೊಲೆಯಾಯಿತು. ರುವಾಂಡಾದಲ್ಲಿ ಹುಟುಗಳು ಬಹುಸಂಖ್ಯಾತರು, ಟುಟ್ಸಿಗಳು ಅಲ್ಪಸಂಖ್ಯಾತರು. ಸತ್ತವರಲ್ಲಿ ಹೆಚ್ಚಿನವರು ಟುಟ್ಸಿಗಳು. ಕೊಲೆಗೆ ಒಪ್ಪದ ಹುಟುಗಳೂ ಇದ್ದರು. ಕೊಂದದ್ದು ಹುಟು ತೀವ್ರವಾದಿಗಳ ಸರ್ಕಾರ, ಅದರ ಸೈನ್ಯ ಮತ್ತು ಇಂಟೆರಹಾಮ್ವೆ ಎಂಬ ಪಡೆ. ಇದು ಗುಂಪು ಹುಚ್ಚೆದ್ದು ಮಾಡಿದ ಕೆಲಸವಾಗಿರಲಿಲ್ಲ. ರುವಾಂಡಾದ ಆಡಳಿತಕ್ಕೆ ನಮ್ಮ ಜಿಲ್ಲೆ, ತಾಲೂಕು, ಹೋಬಳಿಯ ಹಾಗೆ ಪ್ರಿಫೆಕ್ಚರ್, ಕಮ್ಯೂನ್, ಸೆಕ್ಟರ್, ಸೆಲ್ ಎಂಬ ಮೆಟ್ಟಿಲುಗಳಿದ್ದವು. ಕೊಲ್ಲುವ ಆದೇಶ ಆ ಮೆಟ್ಟಿಲುಗಳ ಮೇಲೆಯೇ ಇಳಿದು ಹಳ್ಳಿ ತಲುಪಿತು. ಮುಂದಿನ ಕಥೆಗೆ ಈ ಮೆಟ್ಟಿಲುಗಳೇ ಆಧಾರ, ಹಾಗಾಗಿ ನೆನಪಿರಲಿ.

ಪಾಲ್ ಕಗಾಮೆ ನೇತೃತ್ವದ, ಟುಟ್ಸಿಗಳೇ ಹೆಚ್ಚಿದ್ದ ಬಂಡಾಯ ಸಂಘಟನೆಯಾದ ಆರ್‌ಪಿಎಫ್ ಸೇನೆ ಜುಲೈ 4ರಂದು ರಾಜಧಾನಿ ಕಿಗಾಲಿಯನ್ನು ಹಿಡಿಯಿತು. ಸೋತ ಸರ್ಕಾರ ಪಶ್ಚಿಮಕ್ಕೆ ಹಿಂದೆಗೆಯುತ್ತ ಜನರನ್ನೂ ಜೊತೆಗೆ ಹೊರಡಿಸಿತು. ಕೆಲವರು ಪ್ರತೀಕಾರಕ್ಕೆ ಹೆದರಿ ಹೊರಟರು, ಕೆಲವರನ್ನು ಹೆದರಿಸಿ ಹೊರಡಿಸಲಾಯಿತು. ಜುಲೈ ಮಧ್ಯದ ನಾಲ್ಕೈದು ದಿನಗಳಲ್ಲಿ ಸುಮಾರು 8,50,000 ಜನ ಆಗಿನ ಜೈರ್ (ಇಂದಿನ ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯ) ದೇಶದ ಗೋಮಾ ಪಟ್ಟಣಕ್ಕೆ ನುಗ್ಗಿದರು. ಧಾರಾವಿಯ ಅಷ್ಟೂ ಜನ ಒಂದೇ ವಾರದಲ್ಲಿ ದಹಿಸರ್ ಚೆಕ್‌ನಾಕಾ ದಾಟಿ ಬಯಲಲ್ಲಿ ಕುಳಿತುಕೊಂಡರೆ ಹೇಗೋ ಹಾಗೆ.

ಆ ಬಯಲಾದರೂ ಎಂಥದು? ನ್ಯಿರಗೊಂಗೊ ಜ್ವಾಲಾಮುಖಿಯ ಬುಡ, ಕರಗಿ ಹರಿದು ಗಟ್ಟಿಯಾದ ಕಪ್ಪು ಕಲ್ಲು. ಮುಂಬೈ ಸುತ್ತಿನ ಕ್ವಾರಿಗಳಲ್ಲಿ ಕಲ್ಲು ಒಡೆದವರಿಗೆ ಅದರ ಗಡಸು ಗೊತ್ತು. ಅಲ್ಲಿ ಪಾಯಿಖಾನೆಯ ಗುಂಡಿ ತೋಡಲಾಗಲಿಲ್ಲ, ಗೋರಿಯನ್ನೂ ತೋಡಲಾಗಲಿಲ್ಲ. ಹೆಣಗಳನ್ನು ಚಾಪೆಯಲ್ಲಿ ಸುತ್ತಿ ರಸ್ತೆ ಬದಿಗೆ ಇಡುತ್ತಿದ್ದರು. ಸಾಮೂಹಿಕ ಗುಂಡಿಗೆ ಫ್ರೆಂಚ್ ಸೈನಿಕರು ಬುಲ್ಡೋಜರ್ ತರಬೇಕಾಯಿತು. ಮೊದಲ ವಾರ ಶುದ್ಧ ನೀರು ತಲೆಗೆ ದಿನಕ್ಕೆ ಒಂದು ಲೀಟರೂ ಸಿಗಲಿಲ್ಲ. ಜನ ಕಿವು ಸರೋವರದ ನೀರು ಕುಡಿದರು. ಕಾಲರಾ ಹಬ್ಬಿತು, ಅದರ ಬೆನ್ನಿಗೇ ರಕ್ತಭೇದಿ. ಮೊದಲ ತಿಂಗಳಲ್ಲೇ ಸುಮಾರು 50,000 ಜನ ತೀರಿಕೊಂಡರು. ಹತ್ತು ಸಾವಿರ ಜನರಲ್ಲಿ ದಿನಕ್ಕೆ ಒಂದು ಸಾವು ಕಂಡರೆ ತುರ್ತುಸ್ಥಿತಿ ಎಂದು ಲೆಕ್ಕ. ಗೋಮಾದಲ್ಲಿ ಅದು 20ರಿಂದ 35ರವರೆಗೆ ಇತ್ತು.

ಇಂದಿನ ಮಾನದಂಡದಂತೆ ತಲೆಗೆ ದಿನಕ್ಕೆ 15 ಲೀಟರ್ ನೀರು ಕೊಡಬೇಕು. ಗೋಮಾಕ್ಕೆ ಅದನ್ನು ಹಚ್ಚಿದರೆ ದಿನಕ್ಕೆ 1 ಕೋಟಿ 27.5 ಲಕ್ಷ ಲೀಟರ್, ಅಂದರೆ ನಮ್ಮ ಸೊಸೈಟಿಗಳಿಗೆ ಬರುವ ಹತ್ತು ಸಾವಿರ ಲೀಟರಿನ ಟ್ಯಾಂಕರ್ ಸುಮಾರು 1,275. ಇಪ್ಪತ್ತು ಜನಕ್ಕೊಂದು ಪಾಯಿಖಾನೆ ಎಂದರೂ 42,500 ಬೇಕು. ಈ ಅಂಕಿಗಳ ಎದುರು ನಿಂತ ಪರಿಹಾರ ಕಾರ್ಯಕರ್ತರಿಗೆ "ಇವರಲ್ಲಿ ಕೊಲೆಗಾರ ಯಾರು" ಎಂದು ಕೇಳಲು ಪುರುಸೊತ್ತೇ ಇರಲಿಲ್ಲ. ಅವರನ್ನು ಆಡಿಕೊಳ್ಳುವ ಮುನ್ನ ಇದನ್ನು ಒಪ್ಪಿಕೊಳ್ಳಬೇಕು. ಕಾಲರಾ ನಿಲ್ಲಿಸಿದ್ದು ದೊಡ್ಡ ಕೆಲಸ, ಅದರಿಂದ ಉಳಿದ ಜೀವಗಳಲ್ಲಿ ಹೆಚ್ಚಿನವು ಏನೂ ತಪ್ಪು ಮಾಡದ ಮಕ್ಕಳು, ಹೆಂಗಸರು.

ಚೀಲ ಇಳಿಯುವ ಜಾಗ

ಕಿಬುಂಬಾ, ಕಟಾಲೆ, ಮುಗುಂಗಾ, ಕಹಿಂದೋ ಮುಂತಾದ ಶಿಬಿರಗಳಲ್ಲಿ ಜನ ತಮ್ಮ ಊರಿನವರ ಜೊತೆಗೇ ನೆಲೆಸಿದರು. ಪ್ರಿಫೆಕ್ಚರ್, ಕಮ್ಯೂನ್, ಸೆಕ್ಟರ್ ಎಲ್ಲವೂ ಟಾರ್ಪಾಲಿನ ಕೆಳಗೆ ಹಾಗೆಹಾಗೇ ಮತ್ತೆ ಎದ್ದು ನಿಂತವು. ಓಡಿಬಂದ ಮೇಯರ್ ಇಲ್ಲಿಯೂ ಮೇಯರ್ ಆದ. ನೂರಕ್ಕೂ ಹೆಚ್ಚು ಸಂಸ್ಥೆಗಳು ಬಂದು ಸೇರಿದ್ದ ಆ ಗಡಿಬಿಡಿಯಲ್ಲಿ ಲಾರಿಯ ಮಾಲು ಇಳಿಸಿಕೊಳ್ಳಲು, ಜನರನ್ನು ಸಾಲಿನಲ್ಲಿ ನಿಲ್ಲಿಸಲು ಸಿದ್ಧವಾಗಿದ್ದ ಏಕೈಕ ವ್ಯವಸ್ಥೆ ಅದು. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯಾದ ಯುಎನ್‌ಎಚ್‌ಸಿಆರ್ ಮತ್ತು ಅದರ ಜೊತೆಗಾರರು ಅದನ್ನೇ ಬಳಸಿಕೊಂಡರು. ನಮ್ಮ ಮುಕಾದಮನ ಪಟ್ಟಿ ನಂಬಿದ ಹಾಗೆಯೇ. ಆದರೆ ಈ ಮುಕಾದಮರಲ್ಲಿ ಎಷ್ಟೋ ಜನರ ಕೈಗೆ ರಕ್ತ ಅಂಟಿತ್ತು.

ಇದರಿಂದ ಎಷ್ಟು ಸೋರಬಹುದು ಎಂದು ಲೆಕ್ಕ ಹಾಕಿ ನೋಡೋಣ. ದಿನಕ್ಕೆ 2,100 ಕ್ಯಾಲೊರಿಯ ಸಾಮಾನ್ಯ ರೇಷನ್ ಎಂದರೆ ತಲೆಗೆ 400 ಗ್ರಾಂ ಧಾನ್ಯ, 60 ಗ್ರಾಂ ಬೇಳೆಕಾಳು, 50 ಗ್ರಾಂ ಮೆಕ್ಕೆಜೋಳ-ಸೋಯಾ ಹಿಟ್ಟು, 25 ಗ್ರಾಂ ಎಣ್ಣೆ, 15 ಗ್ರಾಂ ಸಕ್ಕರೆ, 5 ಗ್ರಾಂ ಉಪ್ಪು. ಹತ್ತು ಸಾವಿರ ಜನರಿರುವ ಒಂದು ಕಮ್ಯೂನಿನ ನಾಯಕ ಪಟ್ಟಿಗೆ ಎರಡು ಸಾವಿರ ಸುಳ್ಳು ಹೆಸರು ಸೇರಿಸಿದ ಎಂದು ಇಟ್ಟುಕೊಳ್ಳಿ. ಬರೀ ಧಾನ್ಯದಲ್ಲೇ ದಿನಕ್ಕೆ 800 ಕಿಲೊ ಹೆಚ್ಚುವರಿ ಬರುತ್ತದೆ. ತಿಂಗಳಿಗೆ 24 ಟನ್, ಐವತ್ತು ಕಿಲೊದ 480 ಚೀಲ. ಎರಡು ಬೆಟಾಲಿಯನ್‌ಗೆ ಸಾಕಾಗಿ ಮಿಗುವಷ್ಟು ಊಟ ಅದು. ಇದಕ್ಕೆ ಒಂದು ಚೀಲವನ್ನೂ ಕದಿಯಬೇಕಿಲ್ಲ, ರಸೀದಿ, ಸಹಿ ಎಲ್ಲವೂ ಸರಿಯಾಗಿಯೇ ಇರುತ್ತವೆ.

ಕೈಗೆ ಬಂದ ಈ ಹೆಚ್ಚುವರಿ ಮಾಲಿನಲ್ಲಿ ಒಂದು ಪಾಲು ನೇರವಾಗಿ ಸೈನಿಕರ ಹೊಟ್ಟೆಗೆ ಹೋಯಿತು. ಒಂದು ಪಾಲು ಮಾರುಕಟ್ಟೆಗೆ ಹೋಗಿ ಹಣವಾಯಿತು. ಶಿಬಿರಗಳಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಬಾರು, ನೂರಾರು ಹೋಟೆಲು ಅಂಗಡಿ, ಹತ್ತಾರು ಔಷಧ ಅಂಗಡಿ, ಸಿನಿಮಾ ತೋರಿಸುವ ಜಾಗಗಳು ಕೂಡ ಎದ್ದಿದ್ದವು. ಇವುಗಳಿಂದ, ಮತ್ತು ಸಂಸ್ಥೆಗಳಲ್ಲಿ ಕೆಲಸ ಸಿಕ್ಕ ನಿರಾಶ್ರಿತರ ಸಂಬಳದಿಂದ, ನಾಯಕರು ತೆರಿಗೆ ಎತ್ತಿದರು. ಓಡಿಬರುವಾಗ ರುವಾಂಡಾದ ಕೇಂದ್ರ ಬ್ಯಾಂಕಿನ ಹಣ, ಸರ್ಕಾರದ ಗಾಡಿಗಳನ್ನೂ ಅವರು ಹೊತ್ತು ತಂದಿದ್ದರು, ಹಾಗಾಗಿ ಬಂಡವಾಳ ಎಲ್ಲವೂ ನೆರವಿನಿಂದಲೇ ಬಂತು ಎನ್ನುವುದು ಸರಿಯಲ್ಲ. ಆದರೆ ಹೆಂಡತಿ ಮಕ್ಕಳ ಊಟ, ಔಷಧದ ಚಿಂತೆ ತಪ್ಪಿದ ಮೇಲೆ ಆ ಬಂಡವಾಳವನ್ನು ಬಂದೂಕಿಗೇ ಹಾಕಬಹುದಿತ್ತು. 1994ರ ಮೇ 17ರಂದು ಭದ್ರತಾ ಮಂಡಳಿ ಶಸ್ತ್ರಾಸ್ತ್ರ ನಿರ್ಬಂಧ ಹೇರಿದ್ದರೂ ಗೋಮಾದ ವಿಮಾನ ನಿಲ್ದಾಣದ ಮೂಲಕ ಆಯುಧ ಬರುತ್ತಲೇ ಇತ್ತು.

ಅನ್ನಕ್ಕಿಂತಲೂ ದೊಡ್ಡದಾಗಿ ಅವರಿಗೆ ಸಿಕ್ಕದ್ದು ಮನ್ನಣೆ. ವಾರದ ಸಮನ್ವಯ ಸಭೆಯಲ್ಲಿ ವಿದೇಶಿ ಅಧಿಕಾರಿಯ ಪಕ್ಕದ ಕುರ್ಚಿಯಲ್ಲಿ ಕೂತವನು ಶಿಬಿರದ ಕಣ್ಣಿಗೆ ಸರ್ಕಾರವೇ ಆಗುತ್ತಾನೆ. ಊರಿಗೆ ಮರಳಬೇಕು ಎಂದ ಕುಟುಂಬದ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿದರೆ ಅದರ ಊಟ ನಿಂತಂತೆ. ಮರಳಲು ಹೊರಟವರನ್ನು ಬೆದರಿಸಿದ್ದು, ಕೊಂದದ್ದು ಎರಡೂ ನಡೆದವು. ಜನ ಶಿಬಿರದಲ್ಲಿ ಉಳಿದಷ್ಟೂ ನೆರವು ಉಳಿಯುತ್ತದೆ, ಸೈನ್ಯಕ್ಕೆ ಹೊಸ ಹುಡುಗರು ಸಿಗುತ್ತಾರೆ, ಮುತ್ತಿಗೆ ಹಾಕಲು ಬಂದವರಿಗೆ ಎದುರಾಗಿ ಮಾನವ ಗೋಡೆಯೂ ಸಿಗುತ್ತದೆ. ಆಗ ಶಿಬಿರಗಳ ವೆಚ್ಚ ದಿನಕ್ಕೆ ಸುಮಾರು 10 ಲಕ್ಷ ಡಾಲರ್ ಎಂದು ಅಂದಾಜಿಸಲಾಗಿತ್ತು. ಅತ್ತ ಕೊಲೆಯಿಂದ ಉಳಿದವರು ರುವಾಂಡಾದಲ್ಲಿ ಬರಿಗೈಯಲ್ಲಿ ಮನೆ ಕಟ್ಟಿಕೊಳ್ಳುತ್ತಿದ್ದರು. ಕಿಗಾಲಿಯ ಹೊಸ ಸರ್ಕಾರದ ಕೋಪಕ್ಕೆ ಇದೂ ಒಂದು ಕಾರಣ, ಆ ಕೋಪದಲ್ಲಿ ನ್ಯಾಯ ಇರಲಿಲ್ಲ ಎನ್ನಲಾಗದು.

ಬೆನಾಕೋದ ಒಂದು ಮಧ್ಯಾಹ್ನ, ಮತ್ತು ತಾಂಜಾನಿಯಾದ ಪಾಠ

ನಾಯಕನನ್ನು ತೆಗೆದುಹಾಕಿದರೆ ಸಾಕಲ್ಲ ಎಂದು ಕೇಳುವವರಿದ್ದಾರೆ. ಅದನ್ನೂ ಮಾಡಿ ನೋಡಲಾಯಿತು. ಗೋಮಾಕ್ಕಿಂತ ಮೊದಲೇ, ಏಪ್ರಿಲ್ 28 ಮತ್ತು 29ರಂದು, 24 ಗಂಟೆಗಳಲ್ಲಿ ಸುಮಾರು ಎರಡೂವರೆ ಲಕ್ಷ ಜನ ರುಸುಮೊ ಸೇತುವೆ ದಾಟಿ ತಾಂಜಾನಿಯಾಕ್ಕೆ ಬಂದಿದ್ದರು. ಅವರು ನೆಲೆಸಿದ ಬೆನಾಕೋ ಶಿಬಿರದಲ್ಲಿ ಮುರಂಬಿ ಕಮ್ಯೂನಿನ ಮಾಜಿ ಮೇಯರ್ ಜಾನ್ ಬಾಪ್ಟಿಸ್ಟ್ ಗತೇತೆಯೂ ಇದ್ದ. ಕಗ್ಗೊಲೆಯಲ್ಲಿ ಅವನ ಪಾತ್ರದ ಸುದ್ದಿ ಕಾರ್ಯಕರ್ತರ ಕಿವಿಗೆ ಬಿದ್ದಿತ್ತು. ಜೂನ್ ಮಧ್ಯದಲ್ಲಿ ಅವನನ್ನು ಶಿಬಿರದಿಂದ ಹೊರಗೆ ಒಯ್ಯಲು ಹೋದಾಗ ಸುಮಾರು ಐದು ಸಾವಿರ ಜನ ಮಚ್ಚು, ಕೋಲು, ಕಲ್ಲು ಹಿಡಿದು ಸಂಸ್ಥೆಗಳ ಆವರಣವನ್ನು ಸುತ್ತುವರಿದರು. ಡಾಕ್ಟರ್, ನರ್ಸುಗಳು ಒಳಗೇ ಸಿಕ್ಕಿಬಿದ್ದರು. ಅವರ ಹತ್ತಿರ ಇದ್ದದ್ದು ಸಲೈನ್ ಬಾಟಲಿ, ತೂಕದ ತಕ್ಕಡಿ. ಗತೇತೆಗೆ ಶಿಕ್ಷೆಯಾಗಲು 2011ರವರೆಗೆ ಕಾಯಬೇಕಾಯಿತು. ಅರೂಷಾದ ಅಂತಾರಾಷ್ಟ್ರೀಯ ನ್ಯಾಯಮಂಡಳಿ ಅವನನ್ನು ನರಮೇಧದ ಅಪರಾಧಿ ಎಂದು ತೀರ್ಪಿತ್ತಿತು.

ಹೀಗಿದ್ದರೂ ತಾಂಜಾನಿಯಾದ ಶಿಬಿರಗಳು ಗೋಮಾದ ಹಾಗೆ ಸೈನ್ಯದ ನೆಲೆಯಾಗಲಿಲ್ಲ. ಜನ ಅದೇ ರುವಾಂಡಾದವರು, ನಾಯಕರೂ ಅದೇ ಬಗೆಯವರು, ಹಂಚಿದ್ದೂ ಅದೇ ಮೆಕ್ಕೆಜೋಳ. ವ್ಯತ್ಯಾಸ ಆತಿಥೇಯ ಸರ್ಕಾರದಲ್ಲಿತ್ತು. ತಾಂಜಾನಿಯಾದ ಗಡಿ ಸಿಬ್ಬಂದಿ ಸೇತುವೆಯ ಬಳಿಯೇ ಆಯುಧ ಕಸಿದರು, ಅಲ್ಲಿ ಮಚ್ಚುಗಳ ರಾಶಿಯೇ ಬಿದ್ದಿತ್ತು. ಶಿಬಿರಗಳಿಗೆ ಪೊಲೀಸರೂ ಬಂದರು. ಗೋಮಾದ ಗಡಿಯಲ್ಲೂ ಬಂದೂಕುಗಳ ರಾಶಿ ಬಿದ್ದದ್ದು ನಿಜ, ಆದರೆ ಭಾರಿ ಆಯುಧಗಳು ಜೈರ್ ಅಧ್ಯಕ್ಷ ಮೊಬುಟು ಅವರ ಸೈನ್ಯದ ಕೈಗೆ ಹೋಗಿ, ಮುಂದೆ ಹಳೆಯ ಒಡೆಯರ ಕೈಗೇ ಹಿಂತಿರುಗುವ ದಾರಿ ತೆರೆದೇ ಇತ್ತು. ಹೊರ ಜಗತ್ತು ದೂರ ಇಟ್ಟಿದ್ದ ಮೊಬುಟುವಿಗೆ ಈ ನಿರಾಶ್ರಿತರಿಂದಾಗಿ ಮತ್ತೆ ಬೆಲೆ ಬಂದಿತ್ತು, ಅವರ ಸೈನ್ಯಾಧಿಕಾರಿಗಳಿಗೆ ವ್ಯಾಪಾರವೂ ಆಗುತ್ತಿತ್ತು. ನೆರವು ಬಂದಲ್ಲೆಲ್ಲ ಯುದ್ಧ ಬೆಳೆಯುತ್ತದೆ ಎನ್ನುವ ಸರಳ ವಾದವನ್ನು ಈ ಹೋಲಿಕೆಯೊಂದೇ ಬೀಳಿಸುತ್ತದೆ.

ಶಿಬಿರವನ್ನು ಎಲ್ಲಿ ಹಾಕಬೇಕು ಎಂಬುದಕ್ಕೂ ಕಾನೂನಿತ್ತು. ಆಫ್ರಿಕಾದ ದೇಶಗಳು 1969ರಲ್ಲಿ ಮಾಡಿಕೊಂಡ ನಿರಾಶ್ರಿತರ ಒಪ್ಪಂದ, ಅವರನ್ನು ಗಡಿಯಿಂದ ತಕ್ಕಷ್ಟು ದೂರ ನೆಲೆಗೊಳಿಸಬೇಕು ಎನ್ನುತ್ತದೆ. ಕಿಬುಂಬಾ ಗಡಿಗೆ ಅಂಟಿಕೊಂಡೇ ಇತ್ತು. ರಾತ್ರಿ ದಾಟಿ ದಾಳಿ ಮಾಡಿ ಬೆಳಗಾಗುವುದರೊಳಗೆ ಟಾರ್ಪಾಲಿನ ಕೆಳಗೆ ಸೇರಿಕೊಳ್ಳಬಹುದಿತ್ತು. 1951ರ ನಿರಾಶ್ರಿತರ ಒಪ್ಪಂದದ ಒಂದನೇ ವಿಧಿಯ ಎಫ್ ಭಾಗದ ಪ್ರಕಾರ ಮಾನವತೆಯ ವಿರುದ್ಧ ಅಪರಾಧ ಎಸಗಿದವರು ನಿರಾಶ್ರಿತರೇ ಅಲ್ಲ. ಅದನ್ನು ಜಾರಿ ಮಾಡಲು ಒಬ್ಬೊಬ್ಬರನ್ನೂ ವಿಚಾರಿಸಬೇಕು, ವಿಚಾರಿಸುವವರ ಬೆನ್ನಿಗೆ ಪೊಲೀಸರಿರಬೇಕು. ಎರಡೂ ಇರಲಿಲ್ಲ.

ಬೇರ್ಪಡಿಸುವವರು ಯಾರು?

ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಬುಟ್ರೋಸ್ ಘಾಲಿ ಶಿಬಿರಗಳ ಭದ್ರತೆಗೆ ಪಡೆ ಕೊಡಿ ಎಂದು ಹತ್ತಾರು ದೇಶಗಳನ್ನು ಕೇಳಿದರು. ಒಪ್ಪಿದ್ದು ಬಾಂಗ್ಲಾದೇಶ ಒಂದೇ. ಕೊನೆಗೆ ನಿರಾಶ್ರಿತರ ಹೈಕಮಿಷನರ್ ಸದಾಕೊ ಒಗಾಟಾ, 1995ರ ಆರಂಭದಲ್ಲಿ, ಮೊಬುಟು ಸೈನ್ಯದಿಂದಲೇ 1,500 ಜನರನ್ನು ಸಂಬಳಕ್ಕೆ ತೆಗೆದುಕೊಳ್ಳಬೇಕಾಯಿತು. ಅವರಿಂದ ಕಳ್ಳತನ, ಹೊಡೆದಾಟ ಕಡಿಮೆಯಾಯಿತು. ಸೈನಿಕರನ್ನು ಜನರಿಂದ ಬೇರ್ಪಡಿಸುವ ಕೆಲಸಕ್ಕೆ ಅವರು ಕೈ ಹಾಕಲಿಲ್ಲ.

1994ರ ನವೆಂಬರಿನಲ್ಲಿ ವೈದ್ಯರ ನೆರವು ಸಂಸ್ಥೆಯಾದ ಎಂಎಸ್‌ಎಫ್‌ನ ಫ್ರಾನ್ಸ್ ವಿಭಾಗ ಶಿಬಿರಗಳನ್ನು ಬಿಟ್ಟು ಹೊರಬಂತು. ಕೊಲೆಗಾರರ ಹಿಡಿತ ಗಟ್ಟಿ ಮಾಡುವ ಕೆಲಸದಲ್ಲಿ ತಾವು ಪಾಲುದಾರರಾಗುವುದಿಲ್ಲ ಎಂಬುದು ಅವರ ನಿಲುವು. ಅದೇ ಸಂಸ್ಥೆಯ ಬೆಲ್ಜಿಯಂ ಮತ್ತು ಹಾಲೆಂಡ್ ವಿಭಾಗಗಳು, ಒಳಗಿದ್ದೇ ಬದಲಿಸೋಣ ಎಂದು 1995ರವರೆಗೆ ಉಳಿದವು. ನಮ್ಮ ಅಭಿಪ್ರಾಯ ಹೀಗಿದೆ: ಹೊರಟವರು ಜಗತ್ತಿಗೆ ಸತ್ಯ ಕೇಳಿಸಿದರು, ಆ ಋಣ ದೊಡ್ಡದು. ಆದರೆ ಅವರು ಬಿಟ್ಟ ಜಾಗಕ್ಕೆ ಬೇರೆ ಸಂಸ್ಥೆಗಳು ಬಂದು ಸೇರಿದವು, ಶಿಬಿರದ ಒಳಗಿನ ಬಲಾಬಲ ಕದಲಲಿಲ್ಲ. ಒಂದು ಸಂಸ್ಥೆ ಒಂಟಿಯಾಗಿ ಹಿಂದೆಗೆದರೆ ಪಟ್ಟಿ ಹಿಡಿದವನಿಗೆ ನಷ್ಟವಿಲ್ಲ. ಎಲ್ಲರೂ ಒಟ್ಟಾಗಿ ಹಿಂದೆಗೆದಿದ್ದರೆ ಮೊದಲು ಸಾಯುತ್ತಿದ್ದವರು ಬಂದೂಕಿಲ್ಲದವರು.

ಆ ಬಳಿಕ ನಡೆದದ್ದು ಬೇಗ ಬೇಗ ನಡೆಯಿತು. 1995ರ ಏಪ್ರಿಲ್ 22ರಂದು ರುವಾಂಡಾ ಒಳಗಿನ ಕಿಬೆಹೊ ಶಿಬಿರದಲ್ಲಿ ಹೊಸ ಸರ್ಕಾರದ ಸೈನಿಕರು ನಿರ್ವಸಿತರ ಮೇಲೆ ಗುಂಡು ಹಾರಿಸಿ ಸಾವಿರಾರು ಜನರನ್ನು ಕೊಂದರು. ಮರಳಬೇಕೆಂದಿದ್ದವರ ಧೈರ್ಯವೂ ಅದರೊಂದಿಗೆ ಸತ್ತಿತು. 1996ರಲ್ಲಿ ಶಿಬಿರದ ಪಡೆಗಳು ಮಸಿಸಿ ಬೆಟ್ಟಗಳಲ್ಲಿ ಜೈರ್‌ನ ಟುಟ್ಸಿಗಳ ಮೇಲೆ ಬಿದ್ದವು, ರುವಾಂಡಾದ ಅಂತರ್ಯುದ್ಧ ಜೈರ್‌ನ ಮಣ್ಣಿನಲ್ಲಿ ಬೇರುಬಿಟ್ಟಿತು. ಅಕ್ಟೋಬರಿನಲ್ಲಿ ರುವಾಂಡಾದ ಬೆಂಬಲದಿಂದ ಲೊರಾಂ ಕಬಿಲಾ ಅವರ ಬಂಡಾಯ ಪಡೆ ಶಿಬಿರಗಳ ಮೇಲೆ ದಾಳಿ ಮಾಡಿತು. ನವೆಂಬರ್ 15ರಂದು ಭದ್ರತಾ ಮಂಡಳಿ ಬಹುರಾಷ್ಟ್ರೀಯ ಪಡೆಗೆ ಒಪ್ಪಿಗೆ ಕೊಟ್ಟ ದಿನವೇ ಮುಗುಂಗಾದಿಂದ ಲಕ್ಷಾಂತರ ಜನ ರುವಾಂಡಾದ ಕಡೆಗೆ ನಡೆಯತೊಡಗಿದರು. ಆ ಪಡೆ ಬರಲೇ ಇಲ್ಲ. ಸೈನಿಕರ ಜೊತೆ ಪಶ್ಚಿಮದ ಕಾಡಿಗೆ ಹೋದ ಜನರನ್ನು ಟಿಂಗಿ ಟಿಂಗಿಯವರೆಗೆ, ಕಿಸಂಗಾನಿಯವರೆಗೆ ಬೆನ್ನಟ್ಟಿ ಕೊಲ್ಲಲಾಯಿತು. 2010ರಲ್ಲಿ ವಿಶ್ವಸಂಸ್ಥೆ ಪ್ರಕಟಿಸಿದ ವರದಿ ಆ ಕೊಲೆಗಳನ್ನು ಒಂದೊಂದಾಗಿ ದಾಖಲಿಸಿದೆ. 1997ರ ಮೇ 17ಕ್ಕೆ ಮೊಬುಟು ಆಳ್ವಿಕೆ ಕೊನೆಗೊಂಡಿತು. 1998ರ ಆಗಸ್ಟಿನಲ್ಲಿ ಇನ್ನೂ ದೊಡ್ಡ ಯುದ್ಧ ಶುರುವಾಯಿತು. ಶಿಬಿರದಲ್ಲಿ ಉಳಿದು ಬೆಳೆದ ಪಡೆಯ ಬೇರಿನಿಂದ ಹುಟು ಬಂಡುಕೋರರ ಸಂಘಟನೆ ಎಫ್‌ಡಿಎಲ್‌ಆರ್ ಹುಟ್ಟಿತು. 2025ರ ಜನವರಿ ಕೊನೆಯಲ್ಲಿ ರುವಾಂಡಾದ ಬೆಂಬಲವಿದೆ ಎನ್ನಲಾದ ಬಂಡುಕೋರರ ಎಂ23 ಪಡೆ ಗೋಮಾವನ್ನು ಹಿಡಿದಾಗಲೂ ರುವಾಂಡಾ ಕಾರಣವಾಗಿ ಮುಂದಿಟ್ಟದ್ದು ಅದೇ ಎಫ್‌ಡಿಎಲ್‌ಆರ್ ಹೆಸರು.

ಎಲ್ಲಿ ಹಿಡಿಯಬಹುದಿತ್ತು

ಸೈನಿಕರನ್ನು ಬೇರ್ಪಡಿಸುವುದು ಗಡಿಯಲ್ಲಿ, ಮೊದಲ ದಿನಗಳಲ್ಲಿ ಆಗಬೇಕಾದ ಕೆಲಸ. ಅದು ಸರ್ಕಾರಗಳ, ಪೊಲೀಸರ ಹೊಣೆ. ಡಾಕ್ಟರ್, ನೀರಿನ ಇಂಜಿನಿಯರರ ತಲೆಗೆ ಕಟ್ಟುವುದು ಅನ್ಯಾಯ. ಪಟ್ಟಿಯ ಹೊಣೆ ಮಾತ್ರ ಪರಿಹಾರದವರದೇ, ಅದನ್ನು ಎರಡನೆಯ ತಿಂಗಳಿನಿಂದಲೇ ತಿದ್ದಬಹುದಿತ್ತು. ಗೋಮಾದಲ್ಲಿ 1994ರ ಕೊನೆಯ ತಿಂಗಳುಗಳಲ್ಲಿ ಎಣಿಕೆಗೆ ಹೊರಟಾಗ ನಾಯಕರು ಅಡ್ಡಗಟ್ಟಿದರು, 1995ರ ಆರಂಭಕ್ಕೆ ಅದು ಸಾಧ್ಯವಾಯಿತು. ಅಷ್ಟರಲ್ಲಿ ಬೇರು ಇಳಿದಾಗಿತ್ತು.

ಎಣಿಕೆ ಮಾಡುವ ವಿಧಾನ ಇದು: ಎಲ್ಲ ಶಿಬಿರಗಳಲ್ಲೂ ಒಂದೇ ದಿನ, ಬೆಳಕು ಹರಿಯುವ ಹೊತ್ತಿಗೆ ಆರಂಭಿಸಬೇಕು. ಇಲ್ಲದಿದ್ದರೆ ಅದೇ ಜನ ಎರಡು ಕಡೆ ಎಣಿಕೆಗೆ ಸಿಗುತ್ತಾರೆ. ಹಗ್ಗ ಕಟ್ಟಿದ ಆವರಣದೊಳಗೆ ಕುಟುಂಬ ಕುಟುಂಬವಾಗಿ ಕೂರಿಸಿ, ಮಕ್ಕಳೂ ಸೇರಿದಂತೆ ಪ್ರತಿಯೊಬ್ಬರ ಮಣಿಕಟ್ಟಿಗೆ ಗುರುತಿನ ಬ್ಯಾಂಡ್ ಕಟ್ಟಬೇಕು ಅಥವಾ ಬೆರಳಿಗೆ ಅಳಿಸದ ಶಾಯಿ ಹಚ್ಚಬೇಕು. ಹೊರಗೆ ಹೋಗುವಾಗ ಬ್ಯಾಂಡ್ ಕತ್ತರಿಸಿ ಕುಟುಂಬದ ಕಾರ್ಡು ಕೊಡಬೇಕು. ಬಾಡಿಗೆಗೆ ಮಕ್ಕಳನ್ನು ತರುವುದು ಎಲ್ಲ ಕಡೆಯೂ ಕಾಣುವ ಉಪಾಯ. ಮಗುವಿನ ಕೈಯ ಗುರುತು ನೋಡದೆ ಕಾರ್ಡಿನಲ್ಲಿ ಸಂಖ್ಯೆ ಬರೆಯಬಾರದು. ಕಾರ್ಡು ಆದಷ್ಟು ಮನೆಯ ಹೆಂಗಸಿನ ಹೆಸರಲ್ಲಿರಲಿ. ಕುಟುಂಬಕ್ಕೇ ನೇರವಾಗಿ ಹಂಚಿದರೆ ಹೆಚ್ಚು ಸಿಬ್ಬಂದಿ, ಹೆಚ್ಚು ಸಾಲು, ಹೆಚ್ಚು ಹೊತ್ತು ಬೇಕು. ಆ ಖರ್ಚು ಉಳಿಸಲು ಹೋಗಿಯೇ ಮಾಲು ನಾಯಕನ ಕೈಗೆ ಬೀಳುತ್ತದೆ.

ಮುಂಬೈಯ ವಸ್ತಿಯಲ್ಲಿ ಶಾಯಿ, ಹಗ್ಗ ಯಾವುದೂ ಬೇಕಿಲ್ಲ. ಮುಕಾದಮನ ಪಟ್ಟಿಯನ್ನು ತೆಗೆದುಕೊಳ್ಳಿ, ಅವನನ್ನು ಅವಮಾನಿಸಬೇಡಿ, ಆದರೆ ಹಿಂದಿನ ಸಂಜೆಯೇ ಹತ್ತು ಖೋಲಿಗಳನ್ನು ನೀವೇ ಆರಿಸಿ ಎಣಿಸಿ, ಎರಡನ್ನೂ ತಾಳೆ ಹಾಕಿ. ಹತ್ತರಲ್ಲಿ ಎರಡು ತಪ್ಪಿದರೆ ಇಡೀ ಪಟ್ಟಿ ಹೊಸದಾಗಿ ಬರೆಯಬೇಕು. ಒಬ್ಬರಿಗೆ ಎಷ್ಟು ಎಂಬುದನ್ನು ಅವರ ಮಾತಿನಲ್ಲೇ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಹಚ್ಚಿ. ಓದು ಬಾರದವರಿಗೆ ಅಕ್ಕಿಯ ಡಬ್ಬ, ಎಣ್ಣೆ ಪ್ಯಾಕೆಟ್ಟಿನ ಚಿತ್ರ ಬರೆಯಿರಿ, ಕೂಗಿಯೂ ಹೇಳಿ. ಒಂದು ತಕ್ಕಡಿಯನ್ನು ಹಂಚುವ ಮೇಜಿನ ಮೇಲೆ ಇಡುವ ಬದಲು ಹೊರಹೋಗುವ ದಾರಿಯಲ್ಲಿ ಇಡಿ. ಪ್ರತಿ ಇಪ್ಪತ್ತನೆಯವರ ಚೀಲವನ್ನು ಅಲ್ಲಿ ತೂಗಿ, ಕಡಿಮೆ ಬಂದರೆ ಅಲ್ಲೇ ತುಂಬಿ ಕೊಟ್ಟು, ಎಷ್ಟು ಕಡಿಮೆ ಬಂತೆಂದು ಬರೆದಿಟ್ಟುಕೊಳ್ಳಿ.